‘ಪೇಷೆಂಟ್ ಕಡೆಯವರು’ ಒಳಗೆ ಬಂದ ಕಥೆ

ಹೆಬ್ಬಾಳದಲ್ಲಿ ಬೆಂಗಳೂರು ಬ್ಯಾಪ್ಟಿಸ್ಟ್ ಆಸ್ಪತ್ರೆ ಆರಂಭವಾದದ್ದು 1973ರಲ್ಲಿ. ಆಗ ಅದು ಊರಾಚೆಯ ಜಾಗ. ದೇವನಹಳ್ಳಿ ಕಡೆಯಿಂದ ಬಳ್ಳಾರಿ ರಸ್ತೆ ಹಿಡಿದು ಬರುವವರಿಗೆ ಪೇಟೆಗಿಂತ ಮೊದಲು ಸಿಗುತ್ತಿದ್ದ ದೊಡ್ಡ ಆಸ್ಪತ್ರೆ. ನಮ್ಮ ಸೀಮೆಯಲ್ಲಿ ಜ್ವರದ ಮಗು ಯಾವ ಆಸ್ಪತ್ರೆಗೂ ಒಂಟಿಯಾಗಿ ಬಂದದ್ದಿಲ್ಲ. ತಾಯಿ, ಅಜ್ಜಿ, ಗಂಜಿಯ ಡಬ್ಬಿ, ಮಡಿಸಿದ ಚಾಪೆ ಎಲ್ಲವೂ ಜೊತೆಗೇ ಬರುತ್ತವೆ. ಈ ಪರಿವಾರಕ್ಕೆ ಬೆಂಗಳೂರಿನ ವಾರ್ಡುಗಳಲ್ಲಿ ಇಟ್ಟ ಹೆಸರು ‘ಪೇಷೆಂಟ್ ಕಡೆಯವರು’.

ಮಕ್ಕಳ ಚಿಕಿತ್ಸೆಯಲ್ಲಿ ಕುಟುಂಬವನ್ನು ಪಾಲುದಾರನನ್ನಾಗಿಸುವ ಪದ್ಧತಿಯ ಇತಿಹಾಸ ಸಾಮಾನ್ಯವಾಗಿ ಇಂಗ್ಲೆಂಡಿನಿಂದ ಶುರುವಾಗುತ್ತದೆ. ಅಲ್ಲಿ ಒಂದು ಕಾಲದಲ್ಲಿ, ಆಸ್ಪತ್ರೆ ಸೇರಿದ ಮಗುವನ್ನು ನೋಡಲು ತಂದೆತಾಯಿಗೆ ಸಿಗುತ್ತಿದ್ದದ್ದು ಕೆಲವೇ ಗಂಟೆಗಳು. ನ್ಯೂಕ್ಯಾಸಲ್‌ನ ವೈದ್ಯ ಜೇಮ್ಸ್ ಸ್ಪೆನ್ಸ್ 1920ರ ದಶಕದಲ್ಲೇ ಶಿಶುಗಳ ಜೊತೆ ತಾಯಂದಿರನ್ನೂ ದಾಖಲಿಸಿಕೊಂಡದ್ದು ಅಪರೂಪದ ಅಪವಾದ. ಆಸ್ಪತ್ರೆಯಲ್ಲಿ ತಾಯಿಯಿಂದ ಅಗಲಿದ ಎರಡು ವರ್ಷದ ಮಗುವಿನ ಸಂಕಟವನ್ನು ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಚಲನಚಿತ್ರವಾಗಿ ತೋರಿಸಿದರು. ಭೇಟಿಗೆ ಹೊತ್ತುಗೊತ್ತಿನ ನಿರ್ಬಂಧ ಬೇಡವೆಂದು, ಆಸ್ಪತ್ರೆಯಲ್ಲಿನ ಮಕ್ಕಳ ಕ್ಷೇಮದ ಬಗೆಗಿನ 1959ರ ಪ್ಲಾಟ್ ವರದಿ ಹೇಳಿತು.

ಈ ಕಥೆಯನ್ನು ಹಾಗೆಯೇ ಕರ್ನಾಟಕಕ್ಕೆ ಹೊಂದಿಸಲಾಗದು. ಇಲ್ಲಿ ತಾಯಿಯನ್ನು ವಾರ್ಡಿನಿಂದ ಹೊರಗಿಟ್ಟವರು ಕಡಿಮೆ. ಮೈ ಒರೆಸುವುದು, ಔಷಧಿ ಕುಡಿಸುವುದು, ರಾತ್ರಿ ಡ್ರಿಪ್ ಮುಗಿದರೆ ನರ್ಸನ್ನು ಎಬ್ಬಿಸಿ ಕರೆತರುವುದು ಅವಳದೇ ಪಾಲು. ದುಡಿಮೆ ಉಂಟು, ತರಬೇತಿ ಇಲ್ಲ, ಮಲಗಲು ಮಂಚವೂ ಇಲ್ಲ. ಬಾಗಿಲು ನಿಜವಾಗಿ ಮುಚ್ಚಿದ್ದು ಆಮೇಲೆ, ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳು ಬಂದಾಗ. ಸೋಂಕಿನ ಭಯ ಸುಳ್ಳಲ್ಲ. ಆದರೆ ಒಂಬತ್ತು ತಿಂಗಳು ಹೊತ್ತವಳು ಗಾಜಿನಾಚೆ ನಿಂತು ಮಗುವನ್ನು ನೋಡುವಂತಾಯಿತು.

ಆ ಗಾಜನ್ನು ದಾಟಿಸಿದ್ದು ಬಡತನದಿಂದ ಹುಟ್ಟಿದ ಉಪಾಯ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದಾದಾಗ ವೈದ್ಯ ಎಡ್ಗರ್ ರೇ, ತೂಕ ಕಡಿಮೆಯಿದ್ದ ಶಿಶುಗಳನ್ನು ತಾಯಿಯ ಬರಿ ಎದೆಗೆ ಕಟ್ಟಿಸಿದರು. ಅದೇ ಕಾಂಗರೂ ಆರೈಕೆ. ಕರ್ನಾಟಕದಲ್ಲಿ ಇದರ ದೊಡ್ಡ ಪರೀಕ್ಷೆ ನಡೆದದ್ದು ಬೆಂಗಳೂರಿನಲ್ಲಲ್ಲ, ಕೊಪ್ಪಳ ಜಿಲ್ಲೆಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಯೋಜನೆಯಡಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯ ಸಂಶೋಧಕರು, 2,000 ಗ್ರಾಂಗಿಂತ ಕಡಿಮೆ ತೂಕದ ಶಿಶುಗಳಿಗೆ ಆಸ್ಪತ್ರೆಯಲ್ಲೂ ಮನೆಯಲ್ಲೂ ಈ ಆರೈಕೆ ಸಿಗುವಂತೆ ಇಡೀ ಜಿಲ್ಲೆಯ ವ್ಯವಸ್ಥೆಯೊಂದಿಗೆ ಕೆಲಸ ಮಾಡಿದರು. ರಾಜಧಾನಿಯ ವೈದ್ಯರು ಕಲಿಯಲು ಕೊಪ್ಪಳಕ್ಕೆ ಹೋದರೆಂಬುದು ಗಮನಿಸತಕ್ಕ ಸಂಗತಿ.

ಇತ್ತ ದೆಹಲಿಯ ರಾಮಮನೋಹರ ಲೋಹಿಯಾ ಆಸ್ಪತ್ರೆ, ಕೈ ತೊಳೆಯುವುದರಿಂದ ಹಿಡಿದು ಹಾಲೂಡಿಸುವವರೆಗೆ ಮನೆಯವರಿಗೆ ಕಲಿಸಿ ಅವರನ್ನು ಘಟಕದೊಳಗೆ ಬಿಟ್ಟಿತು. 2017ರಲ್ಲಿ ಕೇಂದ್ರ ಸರ್ಕಾರ ಇದನ್ನೇ ‘ಕುಟುಂಬ ಸಹಭಾಗಿತ್ವದ ಆರೈಕೆ’ಯ ಮಾರ್ಗಸೂಚಿಯಾಗಿ ಹೊರಡಿಸಿತು. ಭಾರತವೂ ಸೇರಿ ಐದು ದೇಶಗಳ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು: ಕಡಿಮೆ ತೂಕದ ಶಿಶುಗಳಿಗೆ ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಆರಂಭಿಸಿದಲ್ಲಿ ಮೊದಲ 28 ದಿನಗಳ ಸಾವಿನ ಪ್ರಮಾಣ ಶೇ. 15.7ರಿಂದ ಶೇ. 12ಕ್ಕೆ ಇಳಿದಿತ್ತು. ಅದಕ್ಕಾಗಿ ನಿಗಾ ಘಟಕದೊಳಗೆ ತಾಯಂದಿರಿಗೂ ಹಾಸಿಗೆ ಹಾಕಲಾಗಿತ್ತು.

ಕಾಂಗರೂ ಆರೈಕೆಗೆ ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಶಿಫಾರಸು ದಿನಕ್ಕೆ 8ರಿಂದ 24 ಗಂಟೆ. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊರುವವನ ಹೆಂಡತಿ, ಯಲಹಂಕದ ಕಟ್ಟಡ ಕೆಲಸಕ್ಕೆ ರಾಯಚೂರಿನಿಂದ ಬಂದವಳು ಅಷ್ಟು ಹೊತ್ತು ಮಗುವನ್ನು ಎದೆಗವಚಿ ಕೂರುವುದು ಹೇಗೆ? ಬಾಣಂತನ ಮಾಡಬೇಕಾದ ತವರು ನಾನೂರು ಕಿಲೋಮೀಟರ್ ದೂರದಲ್ಲಿದೆ. ತಾಯಿಗೆ ದಣಿವಾದಾಗ ಅಪ್ಪನೋ ಅಜ್ಜಿಯೋ ಮಗುವನ್ನು ಎದೆಗೆ ಹಾಕಿಕೊಳ್ಳಬಹುದು. ಅಪ್ಪ ಕೂತರೆ ಆ ದಿನದ ಕೂಲಿ ಹೋಗುತ್ತದೆ. ಅಜ್ಜಿ ರಾತ್ರಿ ಬಸ್ಸು ಹತ್ತಬೇಕು.