ಕೋಡಂಬಾಕ್ಕಂನಲ್ಲೊಂದು ಕ್ಲಿನಿಕ್ಕು

ಮೊನ್ನೆ ಅಣ್ಣನ ಮಗಳ ಹೊಸ ಕ್ಲಿನಿಕ್ಕಿನ ಪೂಜೆ. ಕೋಡಂಬಾಕ್ಕಂ ಸ್ಟೇಷನ್ನಿನಿಂದ ಹತ್ತು ನಿಮಿಷದ ನಡಿಗೆ. ಕೆಳಗೆ ಮೆಡಿಕಲ್ ಶಾಪು, ಮೇಲೆ ಎರಡು ಕೋಣೆ. ಬೆಳಿಗ್ಗೆ ಆರಕ್ಕೇ ಗಣಹೋಮ, ಹೊಗೆಗೆ ಎಲ್ಲರ ಕಣ್ಣಲ್ಲೂ ನೀರು. ಭಟ್ಟರು ಸ್ಟೆತಾಸ್ಕೋಪಿಗೂ ಕುಂಕುಮ ಹಚ್ಚಿದರು. ಊರಿಂದ ಬಂದಿದ್ದ ಅಮ್ಮನೇ ಮೊದಲ ಪೇಶೆಂಟು. ಬಿ.ಪಿ. ನೋಡಿಸಿಕೊಂಡು, ನೂರಾಒಂದು ರೂಪಾಯಿ ಮೊಮ್ಮಗಳ ಕೈಗಿಟ್ಟು, "ನಿನ್ನ ಕೈಗುಣ ಒಳ್ಳೇದಿರಲಿ ಮಗಾ" ಅಂದರು. ಆಮೇಲೆ ಮೆಲ್ಲಗೆ, "ಈ ಬೋರ್ಡು ನಮ್ಮೂರಲ್ಲಿ ಹಾಕಿದ್ದರೆ ಎಷ್ಟು ಚೆಂದ ಇತ್ತು!" ಅಂದುಬಿಟ್ಟರು.

ಪಾಯಸ ಬಡಿಸುತ್ತಿದ್ದ ಅಣ್ಣನ ಕೈ ಒಂದು ಕ್ಷಣ ನಿಂತಿತು. ನಮ್ಮದು ಉಡುಪಿ ಹತ್ತಿರದ ಹಳ್ಳಿ. ರಾತ್ರಿ ಹೊತ್ತು ಡಾಕ್ಟರು ಬೇಕಾದರೆ ಇವತ್ತಿಗೂ ಪೇಟೆಗೇ ಓಡಬೇಕು. ಅಮ್ಮನ ಮಾತಿನಲ್ಲಿ ಸುಳ್ಳಿಲ್ಲ.

ಆದರೆ ನೋಡಿ, ಈ ಪ್ರಶ್ನೆ ನಮ್ಮ ಮನೆಯದು ಮಾತ್ರ ಅಲ್ಲ. 1956ರವರೆಗೆ ದಕ್ಷಿಣ ಕನ್ನಡ ಮದರಾಸಿಗೆ ಸೇರಿದ ಜಿಲ್ಲೆ. ಡಾಕ್ಟರಾಗಬೇಕೆಂಬ ಹುಡುಗರು ಬರುತ್ತಿದ್ದದ್ದು ಇಲ್ಲಿಗೆ, 1835ರಲ್ಲಿ ಶುರುವಾದ ಮದರಾಸು ಮೆಡಿಕಲ್ ಕಾಲೇಜಿಗೆ. ಕಲಿತ ಮೇಲೆ ಇಲ್ಲೇ ಉಳಿಯುವುದೋ, ಊರಿಗೆ ಹೋಗುವುದೋ?

ದಕ್ಷಿಣ ಕನ್ನಡ ಮೂಲದ ಡಾ. ಯು. ರಾಮರಾವ್ ಮದರಾಸಿನಲ್ಲೇ ನೆಲೆ ನಿಂತರು. ಡಾ. ಟಿ.ಎಂ. ನಾಯರ್ 1904ರಲ್ಲಿ ಹುಟ್ಟುಹಾಕಿದ್ದ 'ಆಂಟಿಸೆಪ್ಟಿಕ್' ವೈದ್ಯಪತ್ರಿಕೆಯನ್ನು ನಡೆಸಿದರು. 1937ರಲ್ಲಿ ಮದರಾಸು ವಿಧಾನ ಪರಿಷತ್ತಿನ ಸಭಾಪತಿಯಾದರು. ಮಗ ಡಾ. ಯು. ಕೃಷ್ಣರಾವ್ ಕೂಡ ವೈದ್ಯರು. ಈ ನಗರದ ಮೇಯರ್ ಆಗಿದ್ದರು, 1957ರಲ್ಲಿ ವಿಧಾನಸಭೆಯ ಸ್ಪೀಕರ್ ಆದರು. ಉಡುಪಿ ಕಡೆಯವರು ಮದರಾಸಿಗೆ ಕೊಟ್ಟದ್ದು ಮಸಾಲೆದೋಸೆ ಮಾತ್ರ ಅಂದುಕೊಂಡವರಿಗೆ ನಾನು ಈ ಅಪ್ಪ-ಮಗನ ಹೆಸರು ಹೇಳುವುದುಂಟು.

ಡಾ. ಟಿ.ಎಂ.ಎ. ಪೈ ಅದೇ ಮೆಡಿಕಲ್ ಕಾಲೇಜಿನಲ್ಲಿ ಓದಿ ಉಡುಪಿಗೆ ವಾಪಸು ಹೋದರು. ಮಣಿಪಾಲದ ಬೋಳು ಗುಡ್ಡದ ಮೇಲೆ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದರು. ಸರಕಾರ ಕಟ್ಟಿಕೊಡಲಿ ಎಂದು ಕಾಯಲಿಲ್ಲ. ಆಮೇಲೆ ಡಾಕ್ಟರಿಕೆ ಕಲಿಯಲು ನಮ್ಮವರು ಮದರಾಸಿನ ರೈಲು ಹತ್ತಲೇಬೇಕೆಂದಿರಲಿಲ್ಲ.

ನಮ್ಮ ಹುಡುಗಿ ಇಲ್ಲಿ ಹುಟ್ಟಿ, ಓದಲು ಅದೇ ಮಣಿಪಾಲಕ್ಕೆ ಹೋಗಿ, ತಿರುಗಿ ಇಲ್ಲಿಗೇ ಬಂದಳು. ದಾರಿಯೇ ತಿರುವುಮುರುವಾಗಿದೆ! ಉಳಿದವರೂ ದೊಡ್ಡವರೇ, ಹೋದವರೂ ದೊಡ್ಡವರೇ. ಆದರೆ ಅಮ್ಮನಿಗೆ ಇದನ್ನೆಲ್ಲ ಹೇಳಿ ಸಮಾಧಾನ ಮಾಡಲು ನನಗೆ ಬಾಯಿ ಬರಲಿಲ್ಲ. ಮೂವತ್ತು ವರ್ಷದ ಹಿಂದೆ ಊರು ಬಿಟ್ಟವನು ನಾನೇ ತಾನೆ?

ಉತ್ತರ ಕೊಟ್ಟವಳು ಅವಳೇ. "ಅಜ್ಜೀ, ನನಗೆ ಇದೇ ಊರು. ಆದ್ರೆ ವರ್ಷಕ್ಕೆ ಎರಡು ಸಲ ಬರ್ತೇನೆ. ನಿಮ್ಮ ಜಗಲಿಯಲ್ಲಿ ಕೂತು ಊರವರ ಬಿ.ಪಿ. ನೋಡ್ತೇನೆ, ಆಯ್ತಾ?"

ಅಮ್ಮ "ನೋಡುವ" ಅಂದರು, ಅಷ್ಟೇ. ರಾತ್ರಿ ಮಂಗಳೂರು ಮೇಲ್ ಹತ್ತಿಸಲು ಹೋದಾಗ ಕಿಟಕಿಯಿಂದ ನನ್ನನ್ನು ಕರೆದು ಕೇಳಿದರು: "ಜಗಲಿಯಲ್ಲಿ ಒಂದು ಬೆಂಚು ಹಾಕಿಸಿದರೆ ಸಾಕಾಗ್ತದಾ, ಎರಡು ಬೇಕಾ?"