ಬೆಳ್ಳಿಗಾಗಿ ಕರಗಿದ ರೀಲುಗಳು

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಬಗ್ಗೆ ಗೊತ್ತಿರುವ ಸಂಗತಿಗಳು ಕಡಿಮೆಯೇನಲ್ಲ. ಅದು ತೆರೆಕಂಡದ್ದು 1934ರ ಮಾರ್ಚ್ 3ರಂದು, ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ. ಹಣ ಹಾಕಿದವರು ಚಮನ್‌ಲಾಲ್ ಡುಂಗಾಜಿ, ನಿರ್ದೇಶಿಸಿದವರು ವೈ.ವಿ. ರಾವ್, ಮಾತು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿ. ಆರ್. ನಾಗೇಂದ್ರರಾಯರು ರಾವಣ, ಎಂ.ವಿ. ಸುಬ್ಬಯ್ಯನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ. ಚಿತ್ರೀಕರಣ ನಡೆದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ, ಖರ್ಚು ಸುಮಾರು 40 ಸಾವಿರ ರೂಪಾಯಿ. ಇಷ್ಟೆಲ್ಲ ದಾಖಲೆಯಲ್ಲಿದೆ, ಚಿತ್ರವೊಂದೇ ಇಲ್ಲ. ಅದೇ ವರ್ಷ ಬಂದ ‘ಭಕ್ತ ಧ್ರುವ’ದ ಗತಿಯೂ ಅದೇ.

ಅದಕ್ಕೂ ಹಿಂದಿನ ಮೂಕಿ ಚಿತ್ರಗಳ ಕುರುಹು ಇನ್ನೂ ತೆಳು. ಹರಿಭಾಯಿ ದೇಸಾಯಿಯವರ ಸೂರ್ಯ ಫಿಲ್ಮ್ ಕಂಪನಿ ಬೆಂಗಳೂರಿನಲ್ಲೇ ಕುಳಿತು ಒಂದರ ಮೇಲೊಂದು ಮೂಕಿ ತಯಾರಿಸಿತು. ಗುಬ್ಬಿ ವೀರಣ್ಣನವರು ನಾಟಕದ ಜೊತೆಗೆ ಮೂಕಿಗೂ ಕೈಹಾಕಿ ‘ಹಿಸ್ ಲವ್ ಅಫೇರ್’ನಲ್ಲಿ ತಾವೇ ಪಾತ್ರ ವಹಿಸಿದರು. ಮೋಹನ್ ಭವನಾನಿ ತೆಗೆದ ‘ವಸಂತಸೇನಾ’ದಲ್ಲಿ ಏಣಾಕ್ಷಿ ರಾಮರಾವ್ ಮತ್ತು ಕಮಲಾದೇವಿ ಚಟ್ಟೋಪಾಧ್ಯಾಯರ ಜೊತೆ ಟಿ.ಪಿ. ಕೈಲಾಸಂ ನಟಿಸಿದ್ದರು. ನಾಟಕಗಳನ್ನು ಬಾಯಲ್ಲೇ ಕಟ್ಟಿ ಬಾಯಲ್ಲೇ ಆಡಿ ತೋರಿಸುತ್ತಿದ್ದ ಕೈಲಾಸಂ ಮಾತಿಲ್ಲದ ಚಿತ್ರದಲ್ಲಿ ಏನು ಮಾಡಿದ್ದರೋ ಎಂಬ ಕುತೂಹಲ ಕನ್ನಡಿಗರಿಗೆ ಸಹಜ, ಆದರೆ ಅದು ತಣಿಯುವಂತಿಲ್ಲ. ಇಡೀ ಭಾರತದಲ್ಲಿ ತಯಾರಾದ ಮೂಕಿ ಚಿತ್ರಗಳು ಸುಮಾರು 1300 ಎಂಬ ಲೆಕ್ಕವಿದೆ. ಚೂರುಪಾರು ರೂಪದಲ್ಲಾದರೂ ಉಳಿದವು ಕೆಲವೇ ಡಜನ್.

ಈ ನಾಶಕ್ಕೆ ಮೊದಲ ಕಾರಣ ಫಿಲಂ ಎಂಬ ವಸ್ತುವೇ. 1950ರ ದಶಕದ ಆರಂಭದವರೆಗೆ 35 ಎಂಎಂ ಫಿಲಂ ತಯಾರಾಗುತ್ತಿದ್ದುದು ಸೆಲ್ಯುಲೋಸ್ ನೈಟ್ರೇಟ್‌ನಿಂದ. ಅದಕ್ಕೆ ಕಿಡಿ ತಾಗಿದರೆ ಸಾಕು, ಹೊತ್ತಿಕೊಳ್ಳುತ್ತದೆ. ಒಮ್ಮೆ ಹೊತ್ತಿತೆಂದರೆ ನೀರಿನಲ್ಲಿ ಮುಳುಗಿಸಿದರೂ ಆರದು, ಏಕೆಂದರೆ ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇದೆ. ಬೆಂಕಿ ತಾಗದಿದ್ದರೂ ಅದು ತಾನಾಗಿ ಕೊಳೆಯುತ್ತದೆ. ಮೊದಲು ಚಿತ್ರ ಹಳದಿಗೆ ತಿರುಗಿ ಮಸುಕಾಗುತ್ತದೆ, ಆಮೇಲೆ ಸುರುಳಿ ಅಂಟಂಟಾಗಿ ಗುಳ್ಳೆ ಏಳುತ್ತದೆ, ಗಬ್ಬು ವಾಸನೆ ಬರುತ್ತದೆ. ಮುಂದೆ ಇಡೀ ರೀಲು ಗಟ್ಟಿ ಮುದ್ದೆಯಾಗಿ, ಕೊನೆಗೆ ಕಂದು ಪುಡಿಯಾಗುತ್ತದೆ. ಯೂರೋಪಿನ ಚಳಿಯಲ್ಲಿ ದಶಕಗಟ್ಟಲೆ ಹಿಡಿಯುವ ಈ ಕೊಳೆತ ಇಲ್ಲಿನ ಸೆಕೆಗೂ ತೇವಕ್ಕೂ ಬೇಗ ಮುಗಿಯುತ್ತಿತ್ತು.

ಆದರೂ ಹವೆಗಿಂತ ಹೆಚ್ಚು ಚಿತ್ರಗಳನ್ನು ತಿಂದದ್ದು ವ್ಯಾಪಾರ. ಒಂದು ರೀಲು ಎಂದರೆ 1000 ಅಡಿ, ವಾಕ್ಚಿತ್ರದಲ್ಲಿ ಸುಮಾರು 11 ನಿಮಿಷ. ಎರಡೂವರೆ ಗಂಟೆಯ ಚಿತ್ರಕ್ಕೆ 14 ರೀಲು ಬೇಕು. ಡಬ್ಬದ ತೂಕ ಬಿಟ್ಟರೂ ಮೂವತ್ತು ಕಿಲೋ ದಾಟುವ ಸರಕು ಅದು. ಹೊಸ ಪ್ರಿಂಟು ಮೊದಲು ದೊಡ್ಡ ಊರುಗಳಲ್ಲಿ ಓಡಿ, ನಂತರ ತಾಲ್ಲೂಕು ಕೇಂದ್ರಗಳಿಗೆ ಹೋಗಿ, ಕಡೆಗೆ ಟೂರಿಂಗ್ ಟಾಕೀಸಿನ ಡೇರೆಗೆ ಬರುತ್ತಿತ್ತು. ಅಷ್ಟು ಹೊತ್ತಿಗೆ ತೆರೆಯ ಮೇಲೆ ಮಳೆ ಸುರಿದಂತೆ ಗೆರೆಗಳು. ಹಾಡಿನ ನಡುವೆ ಫಿಲಂ ತುಂಡಾದರೆ ಆಪರೇಟರು ಹಾಳಾದ ನಾಲ್ಕಾರು ಅಡಿ ಕತ್ತರಿಸಿ, ಎರಡು ತುದಿಗಳನ್ನು ಸಿಮೆಂಟು ಹಚ್ಚಿ ಅಂಟಿಸಿ ಮುಂದೆ ಓಡಿಸುತ್ತಿದ್ದ. ಕತ್ತರಿಸಿ ಎಸೆದ ಚೂರುಗಳು ಹುಡುಗರ ಪಾಲು. ಅವರು ಸುಟ್ಟುಹೋದ ಬಲ್ಬಿನ ಒಳಗನ್ನು ತೆಗೆದು ನೀರು ತುಂಬಿ ಭೂತಗನ್ನಡಿ ಮಾಡಿಕೊಳ್ಳುತ್ತಿದ್ದರು. ಹೊರಗೊಬ್ಬ ಕನ್ನಡಿ ಹಿಡಿದು ಬಿಸಿಲನ್ನು ಕತ್ತಲ ಕೋಣೆಗೆ ಹಾಯಿಸಿದರೆ, ಗೋಡೆಗೆ ಕಟ್ಟಿದ ಪಂಚೆಯ ಮೇಲೆ ನಾಯಕನ ಮುಖ ಮೂಡುತ್ತಿತ್ತು. ಎಷ್ಟೋ ಚಿತ್ರಗಳ ಕೊನೆಯ ಪ್ರದರ್ಶನ ಹೀಗೆ ನಡೆದಿರಬೇಕು.

ವಿತರಕನ ಹಕ್ಕಿನ ಅವಧಿ ಮುಗಿದ ಮೇಲೆ ಪ್ರಿಂಟಿಗೆ ಬೆಲೆ ಇರುತ್ತಿರಲಿಲ್ಲ. ಗೋದಾಮಿಗೆ ಬಾಡಿಗೆ ಕೊಡಬೇಕು, ಬೆಂಕಿಯ ಭಯ ಬೇರೆ. ಆದರೆ ಕಪ್ಪು-ಬಿಳುಪು ಫಿಲಮಿನಲ್ಲಿ ಚಿತ್ರ ಮೂಡುವುದೇ ಬೆಳ್ಳಿಯಿಂದ. ಹಳೆಯ ಪ್ರಿಂಟನ್ನು ತೂಕದ ಮೇಲೆ ಕೊಂಡು ರಾಸಾಯನಿಕದಲ್ಲಿ ತೊಳೆದು ಬೆಳ್ಳಿ ತೆಗೆಯುವವರಿದ್ದರು. ತೊಳೆದುಳಿದ ಪಾರದರ್ಶಕ ಪಟ್ಟಿ ಬಳೆ, ಕೈಚೀಲ ಮಾಡುವವರಿಗೆ ಹೋಗುತ್ತಿತ್ತು. ಮಾರಿದವರನ್ನು ಮೂರ್ಖರೆನ್ನುವುದು ಸುಲಭ. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ: ಟೆಲಿವಿಷನ್ ಇಲ್ಲದ ಕಾಲದಲ್ಲಿ ಓಡಿ ಮುಗಿದ ಚಿತ್ರದಿಂದ ಇನ್ನೊಂದು ಕಾಸು ಹುಟ್ಟುವ ದಾರಿ ಅದೊಂದೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಚ್ಚಾ ಫಿಲಮಿಗೇ ಬರ ಬಂದು, ಸರ್ಕಾರ ಚಿತ್ರದ ಉದ್ದವನ್ನು 11,000 ಅಡಿಗೆ ಮಿತಿಗೊಳಿಸಿತು. ಫಿಲಮಿಗೆ ಅಷ್ಟು ತತ್ವಾರವಿದ್ದಾಗ ಹೆಚ್ಚುವರಿ ಪ್ರಿಂಟು ತೆಗೆದಿಡುವ ಮಾತೇ ಇರಲಿಲ್ಲ.

ನೈಟ್ರೇಟಿನ ನಂತರ ಬಂದ ಅಸಿಟೇಟ್ ಫಿಲಮಿಗೆ ಬೆಂಕಿಯ ಭಯವಿಲ್ಲ. ಆದರೆ ಸೆಕೆಯಲ್ಲಿಟ್ಟರೆ ಅದೂ ಹುಳಿ ವಾಸನೆ ಬೀರುತ್ತ ಮುರುಟುತ್ತದೆ, ಮತ್ತು ಒಂದು ಡಬ್ಬದ ಹುಳಿ ಪಕ್ಕದ ಡಬ್ಬಕ್ಕೂ ಹಬ್ಬುತ್ತದೆ. ಬಣ್ಣ ಬಂದ ಮೇಲೆ ಹೊಸ ತೊಂದರೆ ಶುರುವಾಯಿತು. ಕನ್ನಡದ ಮೊದಲ ಬಣ್ಣದ ಚಿತ್ರ ಬಿ.ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’ (1964). ಆ ಕಾಲದ ಬಣ್ಣದ ಪ್ರಿಂಟುಗಳಲ್ಲಿ ನೀಲಿ ಛಾಯೆಯ ವರ್ಣ ಮೊದಲು ಮಾಸುವುದರಿಂದ ಆಕಾಶ, ಮರ, ಮುಖ ಎಲ್ಲವೂ ಗುಲಾಬಿಗೆ ತಿರುಗುತ್ತವೆ. ಬೆಳ್ಳಿಯಿಂದಾದ ಕಪ್ಪು-ಬಿಳುಪು ಚಿತ್ರವೇ ಇವಕ್ಕಿಂತ ಬಾಳಿಕೆಯದು.

ಕನ್ನಡಕ್ಕೆ ಇನ್ನೊಂದು ಕಷ್ಟವೂ ಇತ್ತು. ದಶಕಗಳ ಕಾಲ ಕನ್ನಡ ಚಿತ್ರಗಳು ತಯಾರಾದದ್ದು ಮದರಾಸಿನಲ್ಲಿ, ನೆಗೆಟಿವ್‌ಗಳು ಉಳಿದದ್ದು ಅಲ್ಲಿನ ಲ್ಯಾಬುಗಳಲ್ಲಿ. ಲ್ಯಾಬಿನ ಬಾಕಿ ತೀರಿಸದ ನಿರ್ಮಾಪಕನಿಗೆ ನೆಗೆಟಿವ್ ಸಿಗುತ್ತಿರಲಿಲ್ಲ. ತೀರಿಸಿದವನೂ ಅದನ್ನು ತಂದು ಇಡುವುದೆಲ್ಲಿ? ನಿರ್ಮಾಪಕ ತೀರಿಕೊಂಡ ಮೇಲೆ ಡಬ್ಬ ಯಾರದೆಂದು ಕೇಳುವವರಿರಲಿಲ್ಲ. ಪುಸ್ತಕ ಅಚ್ಚಾದರೆ ಪ್ರತಿಗಳನ್ನು ಗ್ರಂಥಾಲಯಕ್ಕೆ ಒಪ್ಪಿಸಬೇಕೆಂಬ ಕಾನೂನು 1954ರಲ್ಲಿ ಬಂತು. ಚಲನಚಿತ್ರಕ್ಕೆ ಅಂಥದೊಂದು ಕಾನೂನು ಆಗಲಿಲ್ಲ.

ಚಿತ್ರ ಹೋದರೂ ಅದರ ಸುತ್ತಲಿನ ಸಾಮಾನು ಉಳಿಯಿತು. ಗ್ರಾಮಫೋನ್ ಪ್ಲೇಟು, ವಾಲ್‌ಪೋಸ್ಟರು, ಸ್ಟಿಲ್ಲು, ಹಾಡಿನ ಪುಸ್ತಕ ಇವೇ ಚಿತ್ರಪ್ರೇಮಿಗಳ ಆಸ್ತಿ. ಹಾಡಿನ ಪುಸ್ತಕಗಳಲ್ಲಿ ಮಾಮೂಲಾಗಿ ಪಾತ್ರವರ್ಗ, ಹಾಡುಗಳ ಸಾಹಿತ್ಯ, ಅರ್ಧ ಪುಟದ ಕಥಾಸಾರ ಇರುತ್ತಿದ್ದವು. ಕಥೆ ಕುತೂಹಲದ ಘಟ್ಟಕ್ಕೆ ಬಂದಾಗ ನಿಲ್ಲಿಸಿ, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ ಎಂದು ಬರೆಯುವುದು ವಾಡಿಕೆ. ಪ್ರಿಂಟು ನಾಶವಾದ ಸಾಮಾಜಿಕ ಚಿತ್ರವೊಂದರ ಪುಸ್ತಕ ಕೈಗೆ ಬಂದರೆ ಕಥೆ ಹೇಗೆ ಮುಗಿಯಿತೆಂದು ತಿಳಿಯಲು ಬೇರೆ ದಾರಿಯೇ ಇಲ್ಲ. ಪೌರಾಣಿಕವಾದರೆ ವಾಸಿ, ಇಂದ್ರಜಿತು ಸಾಯುವುದು ಎಲ್ಲರಿಗೂ ಗೊತ್ತು.

ಕಳೆದುಹೋದ ಚಿತ್ರಗಳಿಗಾಗಿ ಹಂಬಲಿಸುವುದನ್ನು ಬರಿಯ ಹಳೆಯದರ ಮೋಹ ಎನ್ನಲಾಗದು. ಕನ್ನಡದ ಮೊದಮೊದಲ ವಾಕ್ಚಿತ್ರಗಳು ಬಹುಮಟ್ಟಿಗೆ ಕಂಪನಿ ನಾಟಕದವರ ಕೆಲಸ. ನಟರು, ಕವಿಗಳು, ಹಾಡುಗಾರಿಕೆ, ಕಥೆ ಎಲ್ಲವೂ ರಂಗದಿಂದಲೇ ಬಂದವು. ‘ಭಕ್ತ ಧ್ರುವ’ದ ಹಿಂದೆ ಎ.ವಿ. ವರದಾಚಾರ್ಯರ ರತ್ನಾವಳಿ ಕಂಪನಿಯ ನಾಟಕವಿತ್ತು. ಗುಬ್ಬಿ ಕಂಪನಿಯ ‘ಜೀವನ ನಾಟಕ’ಕ್ಕೆ (1942) ಅ.ನ. ಕೃಷ್ಣರಾಯರು ಬರೆದರು, ಶಾಂತಾ ಹುಬ್ಳೀಕರ್ ನಟಿಸಿದರು. ‘ವಾಣಿ’ಯ (1943) ಹಿಂದೆ ಪಿಟೀಲು ಚೌಡಯ್ಯನವರೂ ಕೆ. ಹಿರಣ್ಣಯ್ಯನವರೂ ಇದ್ದರು. ಕಂಪನಿ ನಾಟಕದ ಧ್ವನಿ ಮೂರು ನಿಮಿಷದ ಪ್ಲೇಟುಗಳಲ್ಲಿ ಸ್ವಲ್ಪ ಸಿಗುತ್ತದೆ. ಆದರೆ ಆ ನಟರ ನಡಿಗೆ, ಕೈಸನ್ನೆ, ಹಾಡು ಮುಗಿದು ಮಾತಿಗೆ ಇಳಿಯುವ ರೀತಿ, ಇವು ದಾಖಲಾಗಿದ್ದರೆ ಈ ಚಿತ್ರಗಳಲ್ಲೇ. ಸಿನಿಮಾ ದೃಷ್ಟಿಯಿಂದ ‘ಸತಿ ಸುಲೋಚನ’ ಸಾಧಾರಣ ಚಿತ್ರವೇ ಆಗಿದ್ದಿರಬಹುದು. ಅದರೊಡನೆ ಹೋದದ್ದರಲ್ಲಿ ಸಿನಿಮಾಕ್ಕಿಂತ ರಂಗಭೂಮಿಯ ಪಾಲೇ ದೊಡ್ಡದು.

ದೇಶದಲ್ಲಿ ಚಿತ್ರಗಳ ಈ ನಾಶವನ್ನು ತಡೆಯುವ ವ್ಯವಸ್ಥಿತ ಕೆಲಸ ಶುರುವಾದದ್ದು 1964ರ ಫೆಬ್ರುವರಿಯಲ್ಲಿ, ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದಾಗ. ಅದನ್ನು ಕಟ್ಟಿದವರು ತಿರುವನಂತಪುರದ ಪಿ.ಕೆ. ನಾಯರ್. 1991ರಲ್ಲಿ ಅವರು ನಿವೃತ್ತರಾಗುವ ಹೊತ್ತಿಗೆ ಅಲ್ಲಿ ಸುಮಾರು 12,000 ಚಿತ್ರಗಳಿದ್ದವು, ಅದರಲ್ಲಿ 8,000 ಭಾರತದವು. ಬರೆಸಿಕೊಂಡ ಅರ್ಜಿಗಳಿಂದ ಕೂಡಿಬಂದ ಸಂಗ್ರಹವಲ್ಲ ಅದು. ನಾಯರ್ ನಿರ್ಮಾಪಕರ ಮಕ್ಕಳನ್ನು, ಮುಚ್ಚಿದ ಸ್ಟುಡಿಯೋಗಳನ್ನು, ಗುಜರಿಗಳನ್ನು ಹುಡುಕಿಕೊಂಡು ಹೋಗುತ್ತಿದ್ದರು. ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ದ (1913) ನಾಲ್ಕು ರೀಲುಗಳಲ್ಲಿ ಸಿಕ್ಕಿದ್ದು ಮೊದಲನೆಯದು ಮತ್ತು ಕೊನೆಯದು. ಅವೂ 1917ರ ಆವೃತ್ತಿಯವು ಎಂಬ ವಾದವಿದೆ. ‘ಕಾಲಿಯಾ ಮರ್ದನ’ (1919) ಮಾತ್ರ ಬಹುಪಾಲು ದೊರೆಯಿತು.

ಎಲ್ಲಕ್ಕಿಂತ ವಿಚಿತ್ರವಾಗಿ ಉಳಿದದ್ದು ತಿರುವಾಂಕೂರಿನ ‘ಮಾರ್ತಾಂಡ ವರ್ಮ’ (1933). ಸಿ.ವಿ. ರಾಮನ್ ಪಿಳ್ಳೆಯವರ ಕಾದಂಬರಿಯನ್ನು ಆಧರಿಸಿದ ಆ ಮೂಕಿ ತೆರೆಕಂಡ ಕೂಡಲೇ ಪುಸ್ತಕದ ಹಕ್ಕು ಹೊಂದಿದ್ದ ಕಮಲಾಲಯ ಬುಕ್ ಡಿಪೋದವರು ಕೋರ್ಟಿಗೆ ಹೋದರು. ಪ್ರದರ್ಶನ ನಿಂತು, ಪ್ರಿಂಟು ಪುಸ್ತಕದಂಗಡಿಯವರ ವಶವಾಯಿತು. ಡೇರೆಗಳಲ್ಲಿ ಸವೆಯದೆ, ಬೆಳ್ಳಿಯವನ ಕೈಗೂ ಸಿಗದೆ ಅದು ಅಲ್ಲೇ ದಶಕಗಟ್ಟಲೆ ಬಿದ್ದಿತ್ತು. ನಾಯರ್ ಅದನ್ನು 1970ರ ದಶಕದಲ್ಲಿ ಪಡೆದುಕೊಂಡರು. ದಕ್ಷಿಣ ಭಾರತದ ಮೂಕಿಗಳಲ್ಲಿ ಬಹುಮಟ್ಟಿಗೆ ಉಳಿದಿರುವುದು ಇದೊಂದೇ. ಚೆನ್ನಾಗಿ ಓಡಿದವು ಓಡಿ ಓಡಿಯೇ ಸತ್ತವು, ವ್ಯಾಜ್ಯಕ್ಕೆ ಸಿಕ್ಕಿದ್ದು ಬದುಕಿತು.

ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ಕ್ಕೆ (1931) ಆ ಭಾಗ್ಯವಿರಲಿಲ್ಲ. ಒಂದೆರಡು ರೀಲು ಎಲ್ಲೋ ಇರಬೇಕು ಎಂದು ಅದನ್ನು ತೆಗೆದ ಅರ್ದೇಶಿರ್ ಇರಾನಿ ನಾಯರ್‌ಗೆ ಹೇಳಿದ್ದರು. ಅವನ್ನು ಬೆಳ್ಳಿಗಾಗಿ ಕೊಟ್ಟುಬಿಟ್ಟದ್ದಾಗಿ ಇರಾನಿಯವರ ಮಗ ನಂತರ ತಿಳಿಸಿದರು. 2003ರ ಜನವರಿಯಲ್ಲಿ ಪುಣೆಯ ನೈಟ್ರೇಟ್ ಉಗ್ರಾಣಕ್ಕೆ ಬೆಂಕಿ ಬಿದ್ದು ಸಾವಿರಾರು ರೀಲು ಸುಟ್ಟಾಗ ‘ಆಲಂ ಆರಾ’ವೂ ಸುಟ್ಟಿತೆಂದು ಪತ್ರಿಕೆಗಳು ಬರೆದವು, ಈಗಲೂ ಕೆಲವರು ಹಾಗೆಯೇ ಬರೆಯುತ್ತಾರೆ. ಸಂಗ್ರಹಾಲಯಕ್ಕೆ ಅದು ಬಂದೇ ಇರಲಿಲ್ಲ.

ನಾಯರ್ ಚಿತ್ರಗಳನ್ನು ಕೂಡಿಟ್ಟದ್ದು ಬೀಗ ಹಾಕಲಿಕ್ಕಲ್ಲ. ಬೆಂಗಳೂರಿನಲ್ಲಿ 1971ರಲ್ಲಿ ಆರಂಭವಾದ ಸುಚಿತ್ರದಂಥ ಫಿಲ್ಮ್ ಸೊಸೈಟಿಗಳಿಗೆ ಪುಣೆಯ ಡಬ್ಬಗಳೇ ಆಧಾರ. ಕೆ.ವಿ. ಸುಬ್ಬಣ್ಣನವರು ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿದಾಗ, ‘ಪಥೇರ್ ಪಾಂಚಾಲಿ’, ‘ಬೈಸಿಕಲ್ ಥೀವ್ಸ್’, ‘ರಾಶೋಮಾನ್’ಗಳನ್ನು ಅಡಿಕೆ ಬೆಳೆಗಾರರೂ ಕೂಲಿಯವರೂ ಕೂತು ನೋಡಿದರು. ಪುಣೆಯಿಂದ ಸತೀಶ್ ಬಹಾದೂರ್ ಮತ್ತು ನಾಯರ್ ಬಂದು ಚಿತ್ರ ನೋಡುವ ಬಗೆಯನ್ನು ಕುರಿತು ಶಿಬಿರ ನಡೆಸಿದರು. ನಾಯರ್ ಕುರಿತ ಶಿವೇಂದ್ರ ಸಿಂಗ್ ಡುಂಗರ್‌ಪುರ್ ಅವರ ಸಾಕ್ಷ್ಯಚಿತ್ರ ‘ಸೆಲ್ಯುಲಾಯ್ಡ್ ಮ್ಯಾನ್’ನಲ್ಲಿ (2012) ಹೆಗ್ಗೋಡಿನ ಪ್ರೇಕ್ಷಕರೂ ಮಾತನಾಡಿದ್ದಾರೆ.

ರಾಷ್ಟ್ರಪ್ರಶಸ್ತಿ ಪಡೆದ ಚಿತ್ರಗಳ ಪ್ರಿಂಟು ಪುಣೆಗೆ ಸೇರುವ ಪದ್ಧತಿಯಿಂದ 1970ರ ದಶಕದ ಹೊಸ ಅಲೆಯ ಕನ್ನಡ ಚಿತ್ರಗಳಿಗೆ ನೆಲೆ ಸಿಕ್ಕಿತು. ಅದೇ ಕಾಲದ ಸಾಮಾನ್ಯ ಕಮರ್ಷಿಯಲ್ ಚಿತ್ರಗಳಿಗೆ ಆ ರಕ್ಷಣೆ ಇರಲಿಲ್ಲ. ಅವನ್ನು ಕಾಪಾಡಿದ್ದು ಟೆಲಿವಿಷನ್. 1990ರ ದಶಕದಲ್ಲಿ ಖಾಸಗಿ ವಾಹಿನಿಗಳು ಪ್ರಸಾರದ ಹಕ್ಕು ಕೊಂಡು ಪ್ರಿಂಟುಗಳನ್ನು ವಿಡಿಯೋ ಟೇಪಿಗೆ ಇಳಿಸಿದವು. ಎಷ್ಟೋ ಹಳೆಯ ಚಿತ್ರಗಳು ಇಂದು ಸಿಗುವುದು ಆ ರೂಪದಲ್ಲೇ: ಮೂಲೆಯಲ್ಲಿ ವಾಹಿನಿಯ ಗುರುತು, ಮಸುಕು ಚಿತ್ರ, ಜಾಹೀರಾತಿಗೆಂದು ಕತ್ತರಿಸಿದ ಹಾಡು. ಇನ್ನೊಂದು ಕಡೆ, ಬೇಡಿಕೆಯಿದ್ದ ಡಾ. ರಾಜ್‌ಕುಮಾರ್ ಚಿತ್ರಗಳಿಗೆ ಬಣ್ಣ ಬಂತು. ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, ‘ಕಸ್ತೂರಿ ನಿವಾಸ’ 2014ರಲ್ಲಿ ವರ್ಣದಲ್ಲಿ ಮರುಬಿಡುಗಡೆಯಾದವು. ಜನ ಮತ್ತೆ ಚಿತ್ರಮಂದಿರಕ್ಕೆ ಬಂದದ್ದು ನಿಜ. ಆದರೆ ಇದು ಸಂರಕ್ಷಣೆಯಲ್ಲ, ಛಾಯಾಗ್ರಾಹಕ ಬೂದುಬಣ್ಣದ ಮೆಟ್ಟಿಲುಗಳಲ್ಲಿ ಯೋಚಿಸಿ ಇಟ್ಟ ಬೆಳಕಿನ ಮೇಲೆ ಹಚ್ಚಿದ ಹೊಸ ಸುಣ್ಣಬಣ್ಣ.

ನಿಜವಾದ ಪುನರುದ್ಧಾರದ ರೀತಿಯೇ ಬೇರೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದ (1977) ಕ್ಯಾಮೆರಾ ನೆಗೆಟಿವ್ ಪುಣೆಯಲ್ಲಿತ್ತು. ಡುಂಗರ್‌ಪುರ್ 2014ರಲ್ಲಿ ಸ್ಥಾಪಿಸಿದ ಫಿಲ್ಮ್ ಹೆರಿಟೇಜ್ ಫೌಂಡೇಶನ್, ಮಾರ್ಟಿನ್ ಸ್ಕಾರ್ಸೆಸೆಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಜೊತೆಗೂಡಿ ಅದನ್ನು ಎತ್ತಿಕೊಂಡಿತು. ಇಂಥ ಕೆಲಸದಲ್ಲಿ ಹರಿದ ಅಂಚು, ಬಿಟ್ಟುಕೊಂಡ ಜೋಡಣೆಗಳನ್ನು ಮೊದಲು ಕೈಯಿಂದಲೇ ಸರಿಪಡಿಸಿ, ಬೂಷ್ಟು ಒರೆಸಿ, ಆಮೇಲೆ ಚೌಕಟ್ಟು ಚೌಕಟ್ಟಾಗಿ ಸ್ಕ್ಯಾನ್ ಮಾಡುತ್ತಾರೆ. ಗೆರೆ-ಕಲೆಗಳನ್ನು ತೆಗೆಯುವಾಗ ಮೂಲದ ಕಣಕಣವಾದ ಮೈ ಅಳಿಸಿಹೋಗದಂತೆ ನೋಡಿಕೊಳ್ಳಬೇಕು. ಸಿದ್ಧವಾದ ಪ್ರತಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಸರ್ಕಾರದ ಕಡೆಯಿಂದ 2014ರಲ್ಲಿ ಘೋಷಣೆಯಾದ ರಾಷ್ಟ್ರೀಯ ಚಲನಚಿತ್ರ ಪರಂಪರೆ ಯೋಜನೆಗೆ ಸುಮಾರು 597 ಕೋಟಿ ರೂಪಾಯಿ ನಿಗದಿಯಾಯಿತು. 2022ರಲ್ಲಿ ಪುಣೆಯ ಸಂಗ್ರಹಾಲಯವನ್ನು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ ಸೇರಿಸಲಾಯಿತು.

2010ರ ದಶಕದಲ್ಲಿ ಪ್ರೊಜೆಕ್ಟರುಗಳು ಡಿಜಿಟಲ್ ಆದಂತೆ ಲ್ಯಾಬುಗಳು ಒಂದೊಂದಾಗಿ ಮುಚ್ಚಿದವು. ಆಮೇಲಿನ ಕನ್ನಡ ಚಿತ್ರಗಳಿಗೆ ಪ್ರಿಂಟೂ ಇಲ್ಲ, ನೆಗೆಟಿವೂ ಇಲ್ಲ. ಇರುವುದು ಹಾರ್ಡ್ ಡಿಸ್ಕು. ವರ್ಷಗಟ್ಟಲೆ ಬೀರುವಿನಲ್ಲಿಟ್ಟ ಡಿಸ್ಕು ತಿರುಗುವುದೆಂಬ ಭರವಸೆಯಿಲ್ಲ. ಸಂಗ್ರಹಾಲಯಗಳು ಬಳಸುವ ದತ್ತಾಂಶ ಟೇಪುಗಳನ್ನೂ ಕೆಲವೇ ವರ್ಷಗಳಲ್ಲಿ ಬರುವ ಹೊಸ ಪೀಳಿಗೆಯ ಯಂತ್ರಗಳು ಒಂದೆರಡು ಪೀಳಿಗೆ ಹಿಂದಿನವರೆಗೆ ಮಾತ್ರ ಓದುತ್ತವೆ. ಹಾಗಾಗಿ ಪ್ರತಿಯೊಂದು ಚಿತ್ರವನ್ನೂ ಹೆಚ್ಚುಕಡಿಮೆ ಹತ್ತು ವರ್ಷಕ್ಕೊಮ್ಮೆ ಹೊಸ ಟೇಪಿಗೆ ನಕಲು ಮಾಡುತ್ತಲೇ ಇರಬೇಕು. ಸಣ್ಣ ನಿರ್ಮಾಪಕನ ಚಿತ್ರ ವಾರದೊಳಗೆ ಚಿತ್ರಮಂದಿರದಿಂದ ಇಳಿದರೆ ಆ ಖರ್ಚಿಗೆ ಹಣ ಕೊಡುವವರು ಸದ್ಯಕ್ಕೆ ಯಾರೂ ಇಲ್ಲ.