ಬಂದು ಹೋಗುವ ಕಾಯಿಲೆ, ಬಂದು ಕೂರುವ ಕಾಯಿಲೆ

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನಮ್ಮಲ್ಲಿ ಅನೇಕರಿಗೆ 'ಮೆಡಿಕೇರ್' ಅನ್ನೋ ಪದ ಮೊದಲು ಸಿಗೋದು ಅಮೆರಿಕದ ಯಾವುದೋ ಕ್ಲೈಂಟಿನ ಪ್ರಾಜೆಕ್ಟಿನಲ್ಲಿ. 65 ದಾಟಿದವರಿಗೆ ಅಮೆರಿಕದ ಸರಕಾರ ಕೊಡುವ ಆರೋಗ್ಯ ವಿಮೆ ಅಂತ ಒಂದು ಸಾಲು ಹೇಳಿ ಮುಂದಿನ ಸ್ಲೈಡಿಗೆ ಹೋಗಿಬಿಡುತ್ತಾರೆ. ಪಾರ್ಟ್ ಎ, ಪಾರ್ಟ್ ಬಿ, ಪಾರ್ಟ್ ಡಿ ಎಲ್ಲ ನಮಗೆ ಟೇಬಲಿನ ಕಾಲಮ್ಮುಗಳು ಅಷ್ಟೆ. ಆದರೆ ಅದರಲ್ಲಿ 'ಬೆನಿಫಿಟ್ ಪೀರಿಯಡ್' ಅಂತ ಒಂದು ಲೆಕ್ಕ ಇದೆ ನೋಡಿ, ಅದರ ಹಿಂದೆ ಹೋದರೆ ಒಂದು ದೊಡ್ಡ ಕತೆಯೇ ಸಿಗುತ್ತದೆ.

ಲೆಕ್ಕ ಹೀಗೆ. ರೋಗಿ ಆಸ್ಪತ್ರೆಗೆ ಸೇರಿದ ದಿನ ಅವಧಿ ಶುರು. ಆಸ್ಪತ್ರೆಯೂ ಇಲ್ಲದೆ, ನರ್ಸಿಂಗ್ ಹೋಮೂ ಇಲ್ಲದೆ ಸತತ 60 ದಿನ ಕಳೆದರೆ ಅವಧಿ ಮುಗೀತು. ಆಮೇಲೆ ಮತ್ತೆ ಸೇರಿದರೆ ಅದು ಹೊಸ ಅವಧಿ, ಆರಂಭದ ಖರ್ಚನ್ನು ರೋಗಿ ಮತ್ತೆ ಕೈಯಿಂದ ಕಟ್ಟಬೇಕು. ಮೂಲ ಕಾನೂನಿನಲ್ಲಿ ಇದಕ್ಕೆ ಇಟ್ಟ ಹೆಸರು 'ಸ್ಪೆಲ್ ಆಫ್ ಇಲ್‌ನೆಸ್'. ಕಾಯಿಲೆಯ ಒಂದು ಸರದಿ ಅನ್ನಬಹುದೇನೋ. ಟೈಫಾಯ್ಡ್ ಬಂತು, ಮಲಗಿದರು, ಎದ್ದರು. ಕಾಲು ಮುರೀತು, ಕೂಡಿಕೊಂಡಿತು. ಸರಿ, ಇವಕ್ಕೆಲ್ಲ ಸರದಿ ಇದೆ. ಆದರೆ ಶುಗರ್‌ಗೆ ಸರದಿ ಎಲ್ಲಿದೆ? ಬಿಪಿಗೆ, ಉಬ್ಬಸಕ್ಕೆ, ಸೋತ ಹೃದಯಕ್ಕೆ, ಮಂಡಿ ನೋವಿಗೆ? ಮುದುಕರ ಕಾಯಿಲೆಗಳು ಬಹುಪಾಲು ಬಂದು ಹೋಗುವಂಥವಲ್ಲ, ಬಂದು ಕೂರುವಂಥವು. ಮುದುಕರಿಗಾಗಿಯೇ ಮಾಡಿದ ವಿಮೆಯೊಂದು ಬಂದು ಹೋಗುವ ಕಾಯಿಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಯಾಕೆ ಹುಟ್ಟಿತು ಅನ್ನೋದೇ ಈ ಬರಹದ ವಿಷಯ.

1945ರ ನವೆಂಬರಿನಲ್ಲಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಎಲ್ಲ ಅಮೆರಿಕನ್ನರಿಗೂ ಸರಕಾರಿ ಆರೋಗ್ಯ ವಿಮೆ ಬೇಕು ಅಂತ ಸಂಸತ್ತಿಗೆ ಕೇಳಿದ. ಅಲ್ಲಿನ ವೈದ್ಯರ ಸಂಘ (ಅಮೆರಿಕನ್ ಮೆಡಿಕಲ್ ಅಸೋಸಿಯೇಶನ್) ಇದು ಸಮಾಜವಾದ, ಇವತ್ತು ವೈದ್ಯಕೀಯ ನಾಳೆ ಎಲ್ಲವೂ ಅಂತ ಎದ್ದು ನಿಂತಿತು. ಟ್ರೂಮನ್ ಸೋತ. ಆಮೇಲೆ ಆ ಕಡೆಯವರು ಉಪಾಯ ಬದಲಿಸಿದರು. ಎಲ್ಲರಿಗೂ ಬೇಡ, ಮೊದಲು ವಯಸ್ಸಾದವರಿಗೆ ಕೊಡೋಣ. ಎಲ್ಲದಕ್ಕೂ ಬೇಡ, ಆಸ್ಪತ್ರೆ ಖರ್ಚಿಗೆ ಕೊಡೋಣ. ಮುದುಕರಿಗೆ ಇಲ್ಲ ಅನ್ನೋದು ಯಾವ ರಾಜಕಾರಣಿಗೂ ಕಷ್ಟ ಅಲ್ವಾ. 65 ದಾಟಿದವರಲ್ಲಿ ಸುಮಾರು ಅರ್ಧ ಜನಕ್ಕೆ ಆಗ ಆಸ್ಪತ್ರೆ ವಿಮೆಯೇ ಇರಲಿಲ್ಲ. ಖಾಸಗಿ ಕಂಪನಿಗಳಿಗೆ ಅವರು ಬೇಕಾಗಿಯೂ ಇರಲಿಲ್ಲ.

ಅಷ್ಟಕ್ಕೂ ವಿರೋಧ ನಿಲ್ಲಲಿಲ್ಲ. 1961ರಲ್ಲಿ ವೈದ್ಯರ ಸಂಘ ಒಂದು ಗ್ರಾಮಫೋನ್ ರೆಕಾರ್ಡು ಮಾಡಿಸಿ ಹಂಚಿತು. ವೈದ್ಯರ ಹೆಂಡತಿಯರು ಅಕ್ಕಪಕ್ಕದವರನ್ನು ಕಾಫಿಗೆ ಕರೆದು ಅದನ್ನು ಕೇಳಿಸಿ, ಸಂಸತ್ ಸದಸ್ಯರಿಗೆ ಕಾಗದ ಬರೆಸುತ್ತಿದ್ದರು. ರೆಕಾರ್ಡಿನಲ್ಲಿ ಮಾತಾಡಿದ್ದು ರೊನಾಲ್ಡ್ ರೇಗನ್ ಅನ್ನೋ ನಟ. ಹೌದು, ಅವನೇ :) ಈ ಮನುಷ್ಯ ಕತೆಯಲ್ಲಿ ಇನ್ನೊಮ್ಮೆ ಬರುತ್ತಾನೆ, ನೆನಪಿಟ್ಟುಕೊಳ್ಳಿ.

1964ರ ಚುನಾವಣೆಯಲ್ಲಿ ಲಿಂಡನ್ ಜಾನ್ಸನ್ ಭಾರೀ ಬಹುಮತದಿಂದ ಗೆದ್ದ ಮೇಲೆ ದಾರಿ ತೆರೆಯಿತು. ತೆರಿಗೆ ಸಮಿತಿಯ ಅಧ್ಯಕ್ಷ ವಿಲ್ಬರ್ ಮಿಲ್ಸ್, ಅಲ್ಲಿಯವರೆಗೂ ಮಸೂದೆಯನ್ನು ತಡೆದು ಕೂತಿದ್ದವನು, ಏಕಾಏಕಿ ಮೂರು ಮಸೂದೆ ಸೇರಿಸಿ ಒಂದು ಮಾಡಿಬಿಟ್ಟ. ಆಸ್ಪತ್ರೆ ಖರ್ಚಿಗೆ ಪಾರ್ಟ್ ಎ, ಡಾಕ್ಟರ ಫೀಸಿಗೆ ಪಾರ್ಟ್ ಬಿ, ಬಡವರಿಗೆ ಬೇರೆಯೇ ಆದ ಮೆಡಿಕೇಡ್. 1965ರ ಜುಲೈ 30ರಂದು ಜಾನ್ಸನ್ ಮಿಸ್ಸೌರಿಯ ಇಂಡಿಪೆಂಡೆನ್ಸ್ ಊರಿಗೇ ಹೋಗಿ, 81 ವರ್ಷದ ಟ್ರೂಮನ್ ಪಕ್ಕದಲ್ಲಿ ಕೂತು ಸಹಿ ಹಾಕಿದ. ಮೊದಲ ಕಾರ್ಡು ಟ್ರೂಮನ್‌ಗೆ, ಎರಡನೆಯದು ಹೆಂಡತಿ ಬೆಸ್‌ಗೆ.

1966ರ ಜುಲೈ 1ಕ್ಕೆ ಯೋಜನೆ ಶುರುವಾದಾಗ ಸುಮಾರು 1 ಕೋಟಿ 90 ಲಕ್ಷ ಜನ ಸೇರಿದ್ದರು. ರೋಗಿ 40 ಡಾಲರ್ ಕಟ್ಟಿದರೆ 60 ದಿನದವರೆಗಿನ ಆಸ್ಪತ್ರೆ ಖರ್ಚು ಸರಕಾರದ್ದು. ಆಮೇಲಿನ 30 ದಿನ, ದಿನಕ್ಕೆ 10 ಡಾಲರ್ ಕೈಯಿಂದ. ಪಾರ್ಟ್ ಬಿ ಬೇಕಾದವರಿಗೆ ತಿಂಗಳಿಗೆ 3 ಡಾಲರ್. (ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತೆ. ಕರಿಯರನ್ನು ಬೇರೆ ವಾರ್ಡಿನಲ್ಲಿಡುವ ಅಥವಾ ಸೇರಿಸಿಕೊಳ್ಳದ ಆಸ್ಪತ್ರೆಗಳಿಗೆ ಮೆಡಿಕೇರ್ ದುಡ್ಡು ಇಲ್ಲ ಅಂದರು. ಎಷ್ಟೋ ವರ್ಷದ ಹೋರಾಟಕ್ಕೆ ಬಗ್ಗದ ಆಸ್ಪತ್ರೆಗಳು ಕೆಲವೇ ತಿಂಗಳಲ್ಲಿ ಬಗ್ಗಿದವು. ಅದರ ಬಗ್ಗೆಯೇ ಬೇರೆ ಬರೆಯಬೇಕು.)

ಈಗ ಇದರಲ್ಲಿ ಏನು ಇರಲಿಲ್ಲ ಅನ್ನೋದನ್ನು ನೋಡಿ. ಮನೆಯಲ್ಲಿ ನುಂಗುವ ಮಾತ್ರೆ ಇಲ್ಲ. ಸುಮ್ಮನೆ ಹೋಗಿ ಮಾಡಿಸಿಕೊಳ್ಳುವ ತಪಾಸಣೆ ಇಲ್ಲ. ಕನ್ನಡಕ, ಕಿವಿಯ ಮೆಷಿನ್, ಹಲ್ಲು ಇಲ್ಲ. ಸ್ನಾನ ಮಾಡಿಸಲು, ಊಟ ಮಾಡಿಸಲು, ಎತ್ತಿ ಕೂರಿಸಲು ಜನ ಬೇಕಲ್ಲ, ಅದಂತೂ ಇಲ್ಲವೇ ಇಲ್ಲ. ಅಂದರೆ ಬಂದು ಕೂತ ಕಾಯಿಲೆಯ ಜೊತೆ ಬದುಕಲು ಏನೇನು ಬೇಕೋ ಅದೇ ಬಿಟ್ಟುಹೋಗಿತ್ತು.

ಆದರೆ ಅದನ್ನು ಮಾಡಿದವರನ್ನು ದಡ್ಡರು ಅನ್ನಲಾಗದು. ದುಡಿಯುವ ವಯಸ್ಸಿನವರಿಗೆ ಆಗ ಇದ್ದ ಬ್ಲೂ ಕ್ರಾಸ್ ವಿಮೆಯ ಅಚ್ಚಿನಲ್ಲೇ ಇದನ್ನೂ ಎರಕ ಹೊಯ್ದರು. ಮನೆ ಮುಳುಗಿಸುತ್ತಿದ್ದುದು ಆಸ್ಪತ್ರೆ ಬಿಲ್ಲು, ಮಾತ್ರೆಯ ಬಿಲ್ಲಲ್ಲ. ಆಗ ಮಾತ್ರೆಗಳಾದರೂ ಎಷ್ಟಿದ್ದವು? ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಅಮೆರಿಕದ ಅಂಗಡಿಗೆ ಬಂದಿದ್ದು 1987ರಲ್ಲಿ. ನಮ್ಮ ಮನೆಮನೆಯಲ್ಲಿರುವ ಮೆಟ್‌ಫಾರ್ಮಿನ್ ಅಲ್ಲಿಗೆ ಬಂದಿದ್ದು 1995ಕ್ಕೆ. ಹೃದಯಾಘಾತ ಆದರೆ ತಿಂಗಳುಗಟ್ಟಲೆ ವಿಶ್ರಾಂತಿ ಅಂತಿದ್ದ ಕಾಲ ಅದು. ವೈದ್ಯಕೀಯ ಬೆಳೆದಂತೆಲ್ಲ ಸಾಯಬೇಕಾಗಿದ್ದವರು ಬದುಕಿದರು, ಬದುಕಿದವರು ಕಾಯಿಲೆಯ ಜೊತೆ ಉಳಿದರು. ಡಿಸೈನ್ ಮಾತ್ರ 1965ರಲ್ಲೇ ನಿಂತಿತ್ತು. ಮುಂದೆ ಆಗಿದ್ದೆಲ್ಲ ಪ್ಯಾಚು.

ಆ ಪ್ಯಾಚುಗಳಲ್ಲಿ ಅತ್ಯಂತ ವಿಚಿತ್ರವಾದದ್ದು ಕಿಡ್ನಿಯದು.

ಕಿಡ್ನಿಯ ಕೆಲಸ ಮಾಡುವ ಯಂತ್ರವನ್ನು ಜರ್ಮನರು ಆಕ್ರಮಿಸಿದ್ದ ನೆದರ್‌ಲ್ಯಾಂಡ್ಸಿನಲ್ಲಿ 1943ರಲ್ಲೇ ವಿಲಂ ಕಾಲ್ಫ್ ಕಟ್ಟಿದ್ದ. ಸಾಸೇಜು ಸುತ್ತುವ ಸೆಲೋಫೇನ್ ಕೊಳವೆಯನ್ನು ದೊಡ್ಡ ಉರುಳೆಗೆ ಸುತ್ತಿ ರಕ್ತ ಸೋಸಿದ್ದ. ಆದರೆ ಪ್ರತಿ ಸಲವೂ ರಕ್ತನಾಳ ಕುಯ್ಯಬೇಕು, ಒಮ್ಮೆ ಕುಯ್ದ ನಾಳ ಮತ್ತೆ ಬರಲ್ಲ. ಹೀಗಾಗಿ ಕೆಲವು ದಿನ ಮಾತ್ರ ಕೈಕೊಟ್ಟು ಮತ್ತೆ ಸುಧಾರಿಸುವ ಕಿಡ್ನಿಗೆ ಅದು ಸರಿ. ಪೂರ್ತಿ ಹೋದ ಕಿಡ್ನಿಗೆ ಪ್ರಯೋಜನವಿಲ್ಲ. ಸಿಯಾಟಲ್‌ನ ಡಾ. ಬೆಲ್ಡಿಂಗ್ ಸ್ಕ್ರಿಬ್ನರ್ 1960ರಲ್ಲಿ ಟೆಫ್ಲಾನಿನ ಸಣ್ಣ ಕೊಳವೆಯನ್ನು ರೋಗಿಯ ತೋಳಿನಲ್ಲೇ ಬಿಟ್ಟುಬಿಟ್ಟ. ಒಂದು ತುದಿ ಅಪಧಮನಿಗೆ, ಇನ್ನೊಂದು ಅಭಿಧಮನಿಗೆ. ಬೇಕೆಂದಾಗ ಯಂತ್ರಕ್ಕೆ ಜೋಡಿಸೋದು, ಮುಗಿದ ಮೇಲೆ ಬಿಡಿಸೋದು. ಆ ವರ್ಷದ ಮಾರ್ಚ್ 9ರಂದು ಇದನ್ನು ಹಾಕಿಸಿಕೊಂಡ ಬೋಯಿಂಗ್ ಕಾರ್ಖಾನೆಯ ಕೆಲಸಗಾರ ಕ್ಲೈಡ್ ಶೀಲ್ಡ್ಸ್, ಆಮೇಲೆ ಹನ್ನೊಂದು ವರ್ಷ ಬದುಕಿದ. ಸಾವಿನ ಕಾಯಿಲೆ ಒಂದೇ ದಿನದಲ್ಲಿ ಬಂದು ಕೂರುವ ಕಾಯಿಲೆಯಾಯಿತು.

ತೊಂದರೆ ಶುರುವಾಗಿದ್ದೇ ಅಲ್ಲಿಂದ. 1962ರ ಜನವರಿಯಲ್ಲಿ ಸಿಯಾಟಲ್‌ನಲ್ಲಿ ಡಯಾಲಿಸಿಸ್ ಕೇಂದ್ರ ತೆರೆದಾಗ ಇದ್ದದ್ದು ಮೂರು ಹಾಸಿಗೆ. ಬೇಕಾದವರು ಎಷ್ಟೋ ಪಟ್ಟು. ಯಾರಿಗೆ ಕೊಡೋದು? ಏಳು ಜನರ ಸಮಿತಿ ಮಾಡಿದರು. ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಬ್ಯಾಂಕಿನವ, ಒಬ್ಬಳು ಗೃಹಿಣಿ, ಒಬ್ಬ ಸರಕಾರಿ ಅಧಿಕಾರಿ, ಒಬ್ಬ ಕಾರ್ಮಿಕ ನಾಯಕ, ಒಬ್ಬ ಸರ್ಜನ್. ಹೆಸರು ಗುಟ್ಟು. ಸಮಿತಿಯ ಮುಂದೆ ಬರುವ ಮೊದಲೇ ಡಾಕ್ಟರುಗಳು 45 ದಾಟಿದವರನ್ನೂ ಮಕ್ಕಳನ್ನೂ ತೆಗೆದುಹಾಕುತ್ತಿದ್ದರು. ಉಳಿದವರಿಗೆ ಮದುವೆ ಆಗಿದೆಯಾ, ಮಕ್ಕಳೆಷ್ಟು, ಸಂಪಾದನೆ ಎಷ್ಟು, ಓದಿದ್ದೆಷ್ಟು, ಚರ್ಚಿಗೆ ಹೋಗ್ತಾರಾ ಅಂತೆಲ್ಲ ನೋಡಿ ಸಮಿತಿ ತೀರ್ಮಾನಿಸುತ್ತಿತ್ತು. ಹೆಣ್ಣು ನೋಡೋಕೆ ಬಂದವರು ಕೇಳುವ ಪ್ರಶ್ನೆಗಳ ಹಾಗಿದೆ ಅಲ್ವಾ? ಇಲ್ಲಿ ಒಪ್ಪಿಗೆಯಾಗದಿದ್ದರೆ ಸಾವು. ಆ ವರ್ಷದ ನವೆಂಬರಿನಲ್ಲಿ ಶಾನಾ ಅಲೆಕ್ಸಾಂಡರ್ 'ಲೈಫ್' ಪತ್ರಿಕೆಯಲ್ಲಿ ಇದನ್ನೆಲ್ಲ ಬರೆದಾಗ ದೇಶಕ್ಕೆ ದೇಶವೇ ಬೆಚ್ಚಿಬಿತ್ತು.

ಆಮೇಲೂ ಒಂಬತ್ತು ವರ್ಷ ಬರೀ ಚರ್ಚೆ, ಸಮಿತಿ, ವರದಿ. 1971ರ ನವೆಂಬರ್ 4ರಂದು ಶೆಪ್ ಗ್ಲೇಜರ್ ಅನ್ನುವ 43ರ ಡಯಾಲಿಸಿಸ್ ರೋಗಿ ವಿಲ್ಬರ್ ಮಿಲ್ಸ್‌ನ ಸಮಿತಿಯ ಎದುರು ಸಾಕ್ಷಿ ಹೇಳಲು ಬಂದ. ಬರುವಾಗ ಯಂತ್ರವನ್ನೂ ತಂದ! ಕಿಡ್ನಿ ತಜ್ಞರಲ್ಲೇ ಕೆಲವರು ಅಪಾಯ, ಬೇಡ ಅಂದಿದ್ದರು. ಕೇಳಲಿಲ್ಲ. ಸಂಸತ್ತಿನ ಕೊಠಡಿಯಲ್ಲೇ ಸದಸ್ಯರ ಕಣ್ಣೆದುರಿಗೆ ಅವನ ರಕ್ತ ಕೊಳವೆಯಲ್ಲಿ ಹರಿಯಿತು. ಕೆಲವೇ ನಿಮಿಷದಲ್ಲಿ ಹೃದಯದ ಬಡಿತ ಹದ ತಪ್ಪಿ ನಿಲ್ಲಿಸಬೇಕಾಯಿತು. ಪುಣ್ಯಕ್ಕೆ ಏನೂ ಆಗಲಿಲ್ಲ.

ಮುಂದಿನ ವರ್ಷ ಸೆಪ್ಟೆಂಬರ್ 30, ಒಂದು ಶನಿವಾರ, ಸೆನೆಟರ್ ವ್ಯಾನ್ಸ್ ಹಾರ್ಟ್‌ಕೆ ತಿದ್ದುಪಡಿ ಮಂಡಿಸಿದ. ಸುಮಾರು ಅರ್ಧ ಗಂಟೆ ಚರ್ಚೆ. 52 ಪರ, 3 ವಿರುದ್ಧ. ಅಕ್ಟೋಬರ್ 30ಕ್ಕೆ ನಿಕ್ಸನ್ ಸಹಿ. 1973ರ ಜುಲೈಯಿಂದ, ಯಾವ ವಯಸ್ಸಿನವರಾದರೂ ಸರಿ, ತಾವೋ ಮನೆಯವರೋ ಸೋಶಿಯಲ್ ಸೆಕ್ಯುರಿಟಿಗೆ ಸಾಕಷ್ಟು ವರ್ಷ ತೆರಿಗೆ ಕಟ್ಟಿದ್ದರೆ, ಕಿಡ್ನಿ ಹೋದವರಿಗೆ ಮೆಡಿಕೇರ್. ಅದೇ ಕಾನೂನು 65ರ ಒಳಗಿನ ದೀರ್ಘಕಾಲದ ಅಂಗವಿಕಲರನ್ನೂ ಸೇರಿಸಿಕೊಂಡಿತು. ಒಂದು ಕಾಯಿಲೆಯ ಹೆಸರಿನಲ್ಲೇ ವಿಮೆ ಕೊಟ್ಟಿದ್ದು ಅದೇ ಮೊದಲು. ಹಾಗಾದರೆ ಹೃದಯಕ್ಕೆ ಯಾಕಿಲ್ಲ, ಕ್ಯಾನ್ಸರಿಗೆ ಯಾಕಿಲ್ಲ? ಇನ್ನೇನು ಎಲ್ಲರಿಗೂ ವಿಮೆ ಬಂದೇಬಿಡುತ್ತದೆ, ಇದು ಮೊದಲ ಕಂತು ಅಂತ ಅನೇಕರು ಆಗ ನಂಬಿದ್ದರು. ಕಂತು ಅಲ್ಲಿಗೇ ನಿಂತಿತು.

ಖರ್ಚಿನ ಅಂದಾಜು ತಲೆಕೆಳಗಾಯಿತು. ಶುರುವಿನಲ್ಲಿ ಸುಮಾರು ಹತ್ತು ಸಾವಿರ ರೋಗಿಗಳಿದ್ದರು. ಈಗ ಅಮೆರಿಕದಲ್ಲಿ ಡಯಾಲಿಸಿಸ್ ಮೇಲಿರುವವರು ಐದು ಲಕ್ಷಕ್ಕೂ ಹೆಚ್ಚು. ಸಿಯಾಟಲ್‌ನಲ್ಲಿ ಬಾಗಿಲಲ್ಲೇ ವಾಪಸ್ ಕಳಿಸುತ್ತಿದ್ದ ವಯಸ್ಸಾದವರು, ಶುಗರ್ ಇದ್ದವರು, ಅವರೇ ಸಾಲುಗಟ್ಟಿ ಬಂದರು. ಇದನ್ನು ದುಂದು ಅಂತ ಬರೆಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಂದಾಜು ತಪ್ಪಿದ್ದಕ್ಕೆ ಕಾರಣ ಜನ ಬದುಕಿದ್ದು.

ಇಷ್ಟಾದರೂ ಹಳೆಯ ಅಚ್ಚು ಬಿಡಲಿಲ್ಲ ನೋಡಿ. ಬೇರೆಯವರ ಕಿಡ್ನಿ ಕಸಿ ಮಾಡಿಸಿಕೊಂಡರೆ ದೇಹ ಅದನ್ನು ತಿರಸ್ಕರಿಸದಂತೆ ಜೀವನಪೂರ್ತಿ ಮಾತ್ರೆ ತಿನ್ನಬೇಕು. ಕಿಡ್ನಿ ಕಾರಣಕ್ಕೆ ಮಾತ್ರ ಮೆಡಿಕೇರ್ ಸಿಕ್ಕವರಿಗೆ ಕಸಿಯಾಗಿ 36 ತಿಂಗಳಿಗೆ ವಿಮೆ ನಿಲ್ಲುತ್ತಿತ್ತು, ಮಾತ್ರೆಯೂ ನಿಲ್ಲುತ್ತಿತ್ತು. ಕಾಯಿಲೆ ಮುಗೀತಲ್ಲ! ಮಾತ್ರೆ ಕೊಳ್ಳಲಾಗದೆ ಹೊಸ ಕಿಡ್ನಿ ಕೆಟ್ಟರೆ, ಅದಕ್ಕಿಂತ ಎಷ್ಟೋ ದುಬಾರಿಯಾದ ಡಯಾಲಿಸಿಸ್‌ಗೆ ಮೆಡಿಕೇರ್ ಮತ್ತೆ ಹಾಜರ್. ಈ ಬಗ್ ಸರಿಹೋಗಿದ್ದು 2020ರ ಕೊನೆಯಲ್ಲಿ ಬಂದ ಕಾನೂನಿನಿಂದ, ಅದೂ 2023ರ ಜನವರಿಯಿಂದ ಜಾರಿ.

ಮಾತ್ರೆಯ ಕತೆಗೆ ಬಂದೆವಲ್ಲ, ರೇಗನ್ ಮತ್ತೆ ಬರುವುದು ಇಲ್ಲೇ. ಮೆಡಿಕೇರ್ ವಿರುದ್ಧ ರೆಕಾರ್ಡು ಮಾಡಿದ್ದ ಅದೇ ಮನುಷ್ಯ ಅಧ್ಯಕ್ಷನಾಗಿ 1988ರ ಜುಲೈ 1ರಂದು, ಮೆಡಿಕೇರ್‌ಗೆ ಅಲ್ಲಿಯವರೆಗಿನ ದೊಡ್ಡ ವಿಸ್ತರಣೆಗೆ ಸಹಿ ಹಾಕಿದ. ಆಸ್ಪತ್ರೆಗೆ ದಿನದ ಮಿತಿ ಇಲ್ಲ, ಮಾತ್ರೆಗೂ ವಿಮೆ. ದುಡ್ಡು ಮಾತ್ರ ಮುದುಕರೇ ಕೊಡಬೇಕು, ಸ್ಥಿತಿವಂತರು ವರ್ಷಕ್ಕೆ 800 ಡಾಲರ್‌ವರೆಗೆ. ಅಂಥವರಲ್ಲಿ ಬಹಳ ಜನಕ್ಕೆ ಹಳೆಯ ಕಂಪನಿಯಿಂದ ಆಗಲೇ ವಿಮೆ ಇತ್ತು. ಎಲ್ಲರೂ ನಿಜಕ್ಕೂ ಹೆದರುತ್ತಿದ್ದುದು ವರ್ಷಗಟ್ಟಲೆ ನರ್ಸಿಂಗ್ ಹೋಮಿನಲ್ಲಿ ಮಲಗುವ ಖರ್ಚಿಗೆ, ಅದು ಇದರಲ್ಲೂ ಇರಲಿಲ್ಲ. 1989ರ ಆಗಸ್ಟಿನಲ್ಲಿ ಶಿಕಾಗೋದಲ್ಲಿ ಅಜ್ಜ ಅಜ್ಜಿಯರು ಸಂಸದ ಡ್ಯಾನ್ ರಾಸ್ಟೆನ್‌ಕೌಸ್ಕಿಯ ಕಾರಿಗೆ ಮುತ್ತಿಗೆ ಹಾಕಿದರು. ಅವನು ಇಳಿದು ಓಡಿದ್ದು ಟೀವಿಯಲ್ಲೆಲ್ಲ ಬಂತು. ಆ ವರ್ಷ ಮುಗಿಯುವುದರೊಳಗೆ ಕಾನೂನೇ ರದ್ದು.

ಆ ಪೆಟ್ಟಾದ ಮೇಲೆ ಹದಿನಾಲ್ಕು ವರ್ಷ ಮಾತ್ರೆಗೆ ವಿಮೆ ಕೊಡುವ ಕಾನೂನು ಬರಲೇ ಇಲ್ಲ. 2003ರ ನವೆಂಬರಿನಲ್ಲಿ ಕೆಳಮನೆ ಬೆಳಗಿನ ಜಾವ ಹತ್ತಿರಹತ್ತಿರ ಮೂರು ಗಂಟೆ ಮತದಾನ ಎಳೆದು ಪಾರ್ಟ್ ಡಿ ಪಾಸು ಮಾಡಿತು. 2006ರಿಂದ ಜಾರಿ. ಅದರಲ್ಲೂ ಒಂದು ತೂತು: ವರ್ಷದ ಮಾತ್ರೆ ಖರ್ಚು 2,250 ಡಾಲರ್ ಮುಟ್ಟುವವರೆಗೆ ವಿಮೆ, ಅಲ್ಲಿಂದ 5,100ರವರೆಗೆ ಪೂರ್ತಿ ಕೈಯಿಂದ, ಆಮೇಲೆ ಮತ್ತೆ ವಿಮೆ. ಇದಕ್ಕೆ 'ಡೋನಟ್ ಹೋಲ್' ಅಂತ ಹೆಸರು. ನಮ್ಮಲ್ಲಾದರೆ ಉದ್ದಿನವಡೆ ತೂತು ಅನ್ನಬಹುದಿತ್ತು. ಮೂರು ನಾಲ್ಕು ಕಾಯಿಲೆ ಕೂತವರೇ ಈ ತೂತಿಗೆ ಬೀಳೋದು. ಒಬಾಮ ಕಾಲದ 2010ರ ಕಾನೂನಿನಿಂದ ಶುರುವಾಗಿ 2020ಕ್ಕೆ ಇದು ಮುಚ್ಚಿತು. 2022ರ ಕಾನೂನು ಇನ್ಸುಲಿನ್‌ಗೆ ತಿಂಗಳಿಗೆ 35 ಡಾಲರ್ ಮಿತಿ ಹಾಕಿತು, 2025ರಲ್ಲಿ ಪಾರ್ಟ್ ಡಿ ಮಾತ್ರೆಗಳಿಗೆ ಕೈಯಿಂದ ಕೊಡುವುದಕ್ಕೆ ವರ್ಷಕ್ಕೆ 2,000 ಡಾಲರ್ ಮಿತಿ ಬಂತು.

ನನಗೆ ಇವೆಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಒಂದು ಕೋರ್ಟ್ ಕೇಸು, 'ಜಿಮೊ ವರ್ಸಸ್ ಸಿಬೆಲಿಯಸ್'. ವರ್ಷಗಳಿಂದ ಫಿಸಿಯೋಥೆರಪಿ, ನರ್ಸಿಂಗ್ ಕ್ಲೇಮುಗಳನ್ನು "ರೋಗಿ ಸುಧಾರಿಸುತ್ತಿಲ್ಲ" ಅಂತ ತಿರಸ್ಕರಿಸುತ್ತಿದ್ದರು. ಪಾರ್ಕಿನ್ಸನ್ಸ್ ಇರುವವರು ಸುಧಾರಿಸೋದು ಹೇಗೆ? ಇರುವ ಶಕ್ತಿ ಉಳಿದರೆ ಅದೇ ದೊಡ್ಡದು. ಹಾಗೆ ತಿರಸ್ಕರಿಸಬೇಕೆಂದು ಕಾನೂನು ಎಲ್ಲೂ ಹೇಳಿರಲಿಲ್ಲ, ಬಂದು ಹೋಗುವ ಕಾಯಿಲೆಯ ಅಭ್ಯಾಸಬಲ ಅಷ್ಟೆ. 2013ರ ಜನವರಿಯ ರಾಜಿಯಲ್ಲಿ, ಇರುವ ಸ್ಥಿತಿ ಕಾಯ್ದುಕೊಳ್ಳಲು ಬೇಕಾದ ನುರಿತ ಆರೈಕೆಗೂ ಹಣ ಕೊಡಬೇಕು ಅಂತಾಯಿತು. 47 ವರ್ಷ ಬೇಕಾಯಿತು ಇದಕ್ಕೆ.

ನಮ್ಮ ಕಡೆಗೂ ಒಮ್ಮೆ ನೋಡಿ. 2003ರ ನಮ್ಮ ಯಶಸ್ವಿನಿ ಹುಟ್ಟಿದ್ದೇ ಸರ್ಜರಿಗಳ ಪಟ್ಟಿಯ ಸುತ್ತ. 2018ರ ಆಯುಷ್ಮಾನ್ ಭಾರತ್ ವಿಮೆಯನ್ನು 2024ರ ಅಕ್ಟೋಬರ್ 29ರಂದು 70 ದಾಟಿದ ಎಲ್ಲರಿಗೂ ವಿಸ್ತರಿಸಿದರು, ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ, ಆದಾಯದ ಲೆಕ್ಕವಿಲ್ಲ. ದೊಡ್ಡ ಹೆಜ್ಜೆಯೇ. ಆದರೆ ಅದು ಆಸ್ಪತ್ರೆ ಸೇರಿದವರಿಗೆ, ಡಿಸ್ಚಾರ್ಜ್ ಆಗಿ 15 ದಿನದವರೆಗಿನ ಔಷಧಿಗೆ. ಹದಿನಾರನೇ ದಿನದ ಬಿಪಿ ಮಾತ್ರೆ ಮೆಡಿಕಲ್ ಶಾಪಿನಲ್ಲಿ ಕೈಯಿಂದಲೇ. 1966ರ ಅಚ್ಚು ಇಲ್ಲೂ ಕಾಣುತ್ತಿಲ್ಲವೇ?

ಅಮೆರಿಕದಲ್ಲಿ 1965ರಲ್ಲಿ ಬಿಟ್ಟ ಕಣ್ಣು, ಕಿವಿ, ಹಲ್ಲು ಸರಕಾರದ ಮೂಲ ಮೆಡಿಕೇರ್‌ನಲ್ಲಿ ಬಹುಪಾಲು ಈಗಲೂ ಹೊರಗೇ ಇವೆ. ಬೇಕಾದವರು ಖಾಸಗಿ ಕಂಪನಿಗಳ ಮೂಲಕ ಬರುವ ಮೆಡಿಕೇರ್ ಪ್ಲಾನುಗಳಲ್ಲಿ ಹುಡುಕಿಕೊಳ್ಳಬೇಕು. 2021ರಲ್ಲಿ ಮೂರನ್ನೂ ಸೇರಿಸುವ ಪ್ರಸ್ತಾಪ ಬಂದಿತ್ತು. ಮಸೂದೆ ಆ ನವೆಂಬರಿನಲ್ಲಿ ಕೆಳಮನೆ ದಾಟುವ ಹೊತ್ತಿಗೆ ಅದರಲ್ಲಿ ಕಿವಿ ಮಾತ್ರ ಉಳಿದಿತ್ತು. 2022ರಲ್ಲಿ ಕಾನೂನಾಗಿ ಬಂದದ್ದರಲ್ಲಿ ಅದೂ ಇರಲಿಲ್ಲ.